ಗೂಡಕ್ಕನ ಕೈತಪ್ಪಿದ ಕಾರ್ಡು

ಊರಿಗೆ ಇನ್ನೂ ಬೆಳಕು ಹರಿದಿಲ್ಲ. ಅಂಚೆ ಕಚೇರಿಯ ಹಿಂಬಾಗಿಲಿಗೆ ಲಾರಿ ಬಂದು ನಿಂತಿದೆ. ಚೀಲಗಳು ಒಂದರ ಹಿಂದೊಂದು ಧೊಪ್ಪೆಂದು ಸಿಮೆಂಟು ನೆಲಕ್ಕೆ ಬೀಳುತ್ತಿವೆ. ಒಳಗೆ ಉದ್ದನೆಯ ಹಾಲಿನ ಕಟ್ಟಕಡೆಯ ಮೂಲೆಯಲ್ಲಿ, ಸ್ವೆಟರಿನ ಮೇಲೊಂದು ಸ್ವೆಟರು ಹಾಕಿಕೊಂಡು, ಬೆರಳ ತುದಿ ಕತ್ತರಿಸಿದ ಕೈಗವಸು ತೊಟ್ಟು, ಐವತ್ತು ದಾಟಿದ ಹೆಂಗಸೊಬ್ಬರು ಎತ್ತರದ ಸ್ಟೂಲಿನ ಮೇಲೆ ಕೂತಿದ್ದಾರೆ. ಎದುರಿಗೆ ಗೋಡೆಯಷ್ಟೇ ಎತ್ತರದ ಮರದ ಚೌಕಟ್ಟು, ಅದರ ತುಂಬ ಚಿಕ್ಕ ಚಿಕ್ಕ ಗೂಡುಗಳು. ಒಂದೊಂದು ಗೂಡೂ ಒಂದೊಂದು ಬೀದಿ. ಎಡಗೈಯಲ್ಲಿ ಲಕೋಟೆಗಳ ಕಟ್ಟು ಹಿಡಿದು, ಬಲಗೈಯಿಂದ ಒಂದೊಂದನ್ನೇ ಅದರದರ ಗೂಡಿಗೆ ಎಸೆಯುವುದು ಇವರ ಉದ್ಯೋಗ. ಕಚೇರಿಯಲ್ಲಿ ಸಾಹೇಬರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರೂ ಇವರನ್ನು ಕರೆಯುವುದು ಗೂಡಕ್ಕ ಅಂತಲೇ.

ಕ್ರಿಸ್ಮಸ್ ಹತ್ತಿರ ಬಂದಿದೆ. ಈ ದಿನಗಳಲ್ಲಿ ಗೂಡಕ್ಕನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಅಚ್ಚಾದ ವಿಳಾಸಗಳನ್ನೆಲ್ಲ ಹಾಲಿನ ಆಚೆ ಬದಿಯ ಯಂತ್ರ ನೋಡಿಕೊಳ್ಳುತ್ತದೆ. ಕರೆಂಟು ಬಿಲ್ಲು, ಬ್ಯಾಂಕಿನ ಕಾಗದ, ಸೋಪು ಕಂಪನಿಯ ಜಾಹೀರಾತು ಎಲ್ಲವೂ ಅಲ್ಲಿ ಗಡಗಡ ಓಡುತ್ತವೆ. ಕೈಬರಹ ಕಂಡರೆ ಮಾತ್ರ ಆ ಯಂತ್ರಕ್ಕೆ ಅಜೀರ್ಣ, ಹೊರಗೆ ಉಗುಳಿಬಿಡುತ್ತದೆ. ಉಗುಳಿದ್ದೆಲ್ಲ ನೇರ ಗೂಡಕ್ಕನ ಮೇಜಿಗೆ. ವರ್ಷವಿಡೀ ಹಿಡಿಯಷ್ಟು ಬರುವ ಕೈಬರಹದ ಕಾಗದ ಡಿಸೆಂಬರಿನಲ್ಲಿ ಸಾವಿರಗಟ್ಟಲೆ ಬರುತ್ತದೆ. ಅಂಟು ಕಿತ್ತುಕೊಂಡು ಮಿಂಚಿನ ಪುಡಿ ಉದುರಿಸುವ ಮಕ್ಕಳ ಕಾರ್ಡು, ಒಳಗೆ ಫೋಟೋ ತುರುಕಿ ಹೊಟ್ಟೆ ಉಬ್ಬಿಸಿಕೊಂಡ ಲಕೋಟೆ, ಅಂಚೆಚೀಟಿಯನ್ನು ಹಿಂಬದಿಗೆ ಅಂಟಿಸಿದ ಮಹಾನುಭಾವರ ಕಾರ್ಡು. ಯಾವುದಕ್ಕೂ ಗೂಡಕ್ಕ ಮುಖ ಸಿಂಡರಿಸುವುದಿಲ್ಲ.

ಆದರೆ ಹತ್ತಿರ ನಿಂತು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಇಷ್ಟು ವರ್ಷ ಪಳಗಿದ ಈ ಕೈ ಇವತ್ತು ಆಮೆಯಂತೆ ನಡೆಯುತ್ತಿದೆ. ಪ್ರತಿ ಲಕೋಟೆಯನ್ನೂ ದೀಪಕ್ಕೆ ಹಿಡಿದು, ವಿಳಾಸದ ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ತುಟಿ ಅಲ್ಲಾಡಿಸುತ್ತ ಓದಿ, ಆಮೇಲೆಯೇ ಅವರು ಗೂಡಿಗೆ ಹಾಕುತ್ತಾರೆ. ಪಕ್ಕದ ಮೇಜಿನಲ್ಲಿ ಮುದ್ರೆ ಒತ್ತುವವನು ಸುಮ್ಮನಿರುವ ಪೈಕಿಯಲ್ಲ.

"ಏನಕ್ಕಾ, ಪರೀಕ್ಷೆಗೆ ಓದ್ತಿದೀರಾ?"

"ಹೂಂ ಕಣಪ್ಪ. ಹೋದ ಸಲ ಫೇಲಾಗಿದ್ದೆ."

ಮುದ್ರೆಯವನು ನಗುತ್ತಾನೆ. ಗೂಡಕ್ಕ ನಗುವುದಿಲ್ಲ.

ಒಂದು ಕಾಲದಲ್ಲಿ ಇದೇ ಹಾಲಿನಲ್ಲಿ ಇವರ ಕೈಯೋಟ ನೋಡಲಿಕ್ಕೆ ಬೇರೆ ಕಚೇರಿಯವರು ಬರುತ್ತಿದ್ದರಂತೆ. ಕಣ್ಣು ಒಂದು ಲಕೋಟೆಯ ಮೇಲಿದ್ದರೆ ಕೈ ಅದಕ್ಕೂ ಮುಂಚಿನದನ್ನು ಎಸೆಯುತ್ತಿರುತ್ತಿತ್ತು. ಗುಟ್ಟೇನು ಅಂದರೆ, ಅವರು ವಿಳಾಸ ಓದುತ್ತಲೇ ಇರಲಿಲ್ಲ. ಅಕ್ಷರ ನೋಡಿದರೆ ಸಾಕಿತ್ತು. ವರ್ಷ ವರ್ಷವೂ ಅದೇ ಜನ ಅದೇ ಜನಕ್ಕೆ ಕಾರ್ಡು ಕಳಿಸುತ್ತಾರೆ. ಮುಖ ನೋಡದ ಎಷ್ಟೋ ಮಂದಿಯ ಬದುಕು ಲಕೋಟೆಯ ಮೇಲಿನ ನಾಲ್ಕು ಸಾಲಿನಲ್ಲೇ ಅವರಿಗೆ ಪರಿಚಯ.

"ಇವರು ಮೊದ್ಲು ಎಷ್ಟು ದುಂಡಗೆ ಬರೀತಿದ್ರು, ಈಗ ಕೈ ನಡುಗ್ತಿದೆ, ಪಾಪ. ಇಲ್ನೋಡಿ, ಈ ಮನೇಲಿ ಮುಂಚೆ ಹೆಂಡ್ತಿ ಬರೀತಿದ್ರು. ಎರಡು ವರ್ಷದಿಂದ ಗಂಡ ಬರೀತಿದಾರೆ. ಯಾಕೆ ಅಂತ ಯಾರನ್ನ ಕೇಳೋದು?" ಎನ್ನುತ್ತಾರೆ ಗೂಡಕ್ಕ.

ಹೇಳುವಾಗ ದನಿಯಲ್ಲಿ ಹೆಮ್ಮೆ ಇಣುಕುತ್ತದೆ. ಮರುಕ್ಷಣವೇ ಅವರೇ ಅದನ್ನು ಅದುಮಿಬಿಡುತ್ತಾರೆ. ಅವರ ಮಟ್ಟಿಗೆ ಆ ಹೆಮ್ಮೆಯೇ ಎಲ್ಲ ಕೆಡಿಸಿದ್ದು.

ಈ ಕೆಲಸಕ್ಕೆ ಅವರು ಇಷ್ಟಪಟ್ಟು ಬಂದವರಲ್ಲ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಒಂದು ದಿನ ಗಾಡಿಯ ಕೆಳಗೆ ಜ್ಯಾಕು ಜಾರಿ ಸೊಂಟ ಮುರಿದುಕೊಂಡರು. ಆಮೇಲೆ ಅವರು ಮನೆ ಹಿಡಿದರು, ಇವರು ಕೆಲಸ ಹಿಡಿದರು. ಮೊದಲ ಚಳಿಗಾಲ ಅಳು ಬರುತ್ತಿತ್ತಂತೆ. ಕಾಗದ ಬೆರಳಿನ ಪಸೆಯನ್ನೆಲ್ಲ ಹೀರಿಬಿಡುತ್ತದೆ. ಗೆಣ್ಣುಗಳು ಬಿರಿದು ರಕ್ತ ಬರುತ್ತದೆ. ವ್ಯಾಸಲಿನ್ ಹಚ್ಚೋಣವೆಂದರೆ ಲಕೋಟೆಗೆ ಕಲೆಯಾಗುತ್ತದೆ. ಹೀಗಾಗಿ ಕೆಲಸ ಮುಗಿಯುವ ತನಕ ಉರಿ ಸಹಿಸಿಕೊಂಡು, ಹೊರಗೆ ಕಾಲಿಟ್ಟ ಮೇಲೆಯೇ ಕೈಗೆ ಏನಾದರೂ ಹಚ್ಚಿಕೊಳ್ಳುವುದು ರೂಢಿ. ಅಡುಗೆ ಗಂಡನದು. "ಚೆನ್ನಾಗಿ ಮಾಡ್ತಾರೆ. ಉಪ್ಪು ಮಾತ್ರ ಇನ್ನೂ ಅವರ ಕೈಗೆ ಸಿಕ್ಕಿಲ್ಲ," ಎಂದು ಗೂಡಕ್ಕ ಕಾಲೆಳೆಯುತ್ತಾರೆ.

ಪಾಳಿ ಮುಗಿದರೆ ಇನ್ನೊಂದು ಪಾಳಿ. ಚಳಿಗಾಲದಲ್ಲಿ ಹಗಲು ಮೊಟಕಾಗುತ್ತದೆ, ಮನೆಯ ಓಡಾಟ ಮಾತ್ರ ಎರಡರಷ್ಟಾಗುತ್ತದೆ. ಅತ್ತೆಯ ಮಂಡಿಗೆ ಎಣ್ಣೆ ತರಬೇಕು, ಗಂಡನ ಬೂಟಿನ ಬಾಯಿ ಬಿಟ್ಟ ಅಟ್ಟೆ ಹೊಲಿಸಬೇಕು, ಕೆಮ್ಮಿನ ಔಷಧಿ, ಕಿಟಕಿಯ ಸಂದಿಗೆ ತುಂಬುವ ಅಂಟುಪಟ್ಟಿ, ಒಂದು ಕೊಳ್ಳಲು ಹೋದರೆ ಇನ್ನೊಂದು ಮರೆತಿರುತ್ತದೆ. ಮೆಟ್ಟಿಲಿಳಿಯುವಾಗ ಕೆಳಮನೆಯ ಟೈಲರಮ್ಮ ಕಾರ್ಡುಗಳ ಕಟ್ಟನ್ನೇ ಕೈಗೆ ತುರುಕುತ್ತಾರೆ: "ಹೇಗೂ ಅಲ್ಲಿಗೇ ಹೋಗ್ತೀಯಲ್ಲ ಮಾರಾಯ್ತಿ, ಡಬ್ಬಕ್ಕೆ ಹಾಕಿಬಿಡು." ಅದರ ಜೊತೆಗೆ ಎರಡು ಸ್ಟಾಂಪು ಕಡಿಮೆ ಇರುವುದೂ ಪ್ರತಿವರ್ಷದ ಪದ್ಧತಿ.

ಇಷ್ಟೆಲ್ಲ ಓಡಾಟದಲ್ಲಿ ಈ ವರ್ಷ ಒಂದು ಬೀದಿಗೆ ಮಾತ್ರ ಗೂಡಕ್ಕ ಕಾಲಿಟ್ಟಿರಲಿಲ್ಲ. ಮಾರುಕಟ್ಟೆಯ ಹಿಂದಿನ ಸಣ್ಣ ಬೀದಿ ಅದು. ಮನೆಗೆ ಹತ್ತಿರದ ದಾರಿಯೂ ಹೌದು. ಆದರೂ ಜನವರಿಯಿಂದ ಈಚೆಗೆ ಅವರು ಸುತ್ತು ಹಾಕಿಕೊಂಡೇ ಮನೆಗೆ ಹೋಗುತ್ತಿದ್ದರು. ಯಾಕೆ ಅನ್ನುವುದನ್ನು ಗಂಡನಿಗೂ ಹೇಳಿರಲಿಲ್ಲ.

ಆ ಜನವರಿಯ ಒಂದು ಬೆಳಿಗ್ಗೆ ಕಾಲುವೆ ಬೀದಿಯ ಅಂಚೆಯಣ್ಣ ಒಂದು ಕಾರ್ಡನ್ನು ತಂದು ಅವರ ಮೇಜಿನ ಮೇಲಿಟ್ಟ. ರಜೆಯ ಗದ್ದಲದಲ್ಲಿ ಅವನ ಜಾಗಕ್ಕೆ ಬಂದಿದ್ದ ಬದಲಿ ಹುಡುಗಿ, ಲಕೋಟೆಯ ಮೇಲಿನ ಹೆಸರೊಂದನ್ನೇ ನೋಡಿ, ಬೀದಿಯ ಹಳೆಯ ಪಟ್ಟಿಯಂತೆ ಆ ಹೆಸರಿನವರು ಮೊದಲಿದ್ದ ಮನೆಗೆ ಹಾಕಿದ್ದಳು. ಆ ಮನೆಗೆ ಹೊಸದಾಗಿ ಬಂದವರು ಊರಿನಲ್ಲಿರಲಿಲ್ಲ, ಬಂದಮೇಲೆ ವಾಪಸು ಕೊಟ್ಟರು. "ಅಕ್ಕಾ, ಇದು ನನ್ನ ಬೀದೀದೇ ಅಲ್ವಲ್ಲ. ಗುಡ್ಡದ ಬೀದಿ ಅಂತಿದೆ ನೋಡಿ. ನನ್ನ ಗೂಡಿಗೆ ಹೇಗೆ ಬಿತ್ತು?" ಎಂದು ಅವನು ಕೇಳಿದ್ದಷ್ಟೇ.

ಗೂಡಕ್ಕ ಲಕೋಟೆ ನೋಡಿದರು. ಗುರುತಿದ್ದ ಅಕ್ಷರ. ಒತ್ತಿ ಬರೆದ, ಬಲಕ್ಕೆ ವಾಲಿದ, ಕಾಗದ ಹರಿದೀತೇನೋ ಅನ್ನುವಂಥ ಬರಹ. ವರ್ಷಕ್ಕೊಂದೇ ಕಾರ್ಡು, ತಪ್ಪದೆ ಬರುತ್ತಿತ್ತು, ತಪ್ಪದೆ ಕಾಲುವೆ ಬೀದಿಯ ಗೂಡಿಗೆ ಹೋಗುತ್ತಿತ್ತು. ಈ ಸಲ ಬರೆದವರು ಹೊಸ ವಿಳಾಸ ಬರೆದಿದ್ದರು. ಬರೆದು, ಹೊಸತು ಅಂತ ಗೊತ್ತಾಗಲೆಂದು ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದರು.

"ನಾನು ಓದೇ ಇಲ್ಲ," ಎನ್ನುತ್ತಾರೆ ಗೂಡಕ್ಕ. "ಅಕ್ಷರ ಕಂಡಿದ್ದೇ ತಡ, ಕೈ ಹೋಗಿಬಿಟ್ಟಿದೆ. ಎರಡು ಗೆರೆ ಎಳೆದಿದಾರೆ ಕಣ್ರೀ! ಇನ್ನೇನು ಮಾಡ್ಬೇಕಿತ್ತು ಅವರು, ಬಂದು ನನ್ನ ಕಿವೀಲಿ ಕೂಗ್ಬೇಕಿತ್ತಾ?"

ಅದೇ ಕ್ಷಣ ಅವರು ಕಾರ್ಡನ್ನು ಗುಡ್ಡದ ಬೀದಿಗೆ ಕಳಿಸಿದರು. ಕೆಲವೇ ದಿನಗಳಲ್ಲಿ ಅದು ಹಿಂದಿರುಗಿತು: ಮನೆ ಬಿಟ್ಟು ಹೋಗಿದ್ದಾರೆ, ಎಲ್ಲಿಗೆಂದು ಗೊತ್ತಿಲ್ಲ. ಲಕೋಟೆಯ ಹಿಂದೆ ಕಳಿಸಿದವರ ವಿಳಾಸವಿತ್ತು, ಮಾರುಕಟ್ಟೆಯ ಹಿಂದಿನ ಸಣ್ಣ ಬೀದಿಯ ಒಂದು ರಿಪೇರಿ ಅಂಗಡಿ. ನಿಯಮದ ಪ್ರಕಾರ ಕಾರ್ಡು ಅಲ್ಲಿಗೇ ವಾಪಸಾಯಿತು. ತಪ್ಪು ಯಾರದೆಂದು ಯಾರೂ ಕೇಳಲಿಲ್ಲ, ಗೂಡಕ್ಕ ಬಾಯಿ ಬಿಡಲಿಲ್ಲ. "ಹೋಗಿ ಹೇಳ್ಬೇಕು ಅಂತ ದಿನಾ ಅನ್ಕೊಳ್ತಿದ್ದೆ. ದಿನಾ ಏನೋ ಒಂದು ನೆಪ. ಆಮೇಲೆ ಆ ಬೀದಿ ಕಡೆ ಹೋಗೋದನ್ನೇ ಬಿಟ್ಬಿಟ್ಟೆ. ಹೇಡಿ ನಾನು."

ಈ ಚಳಿಗಾಲ ಅವರನ್ನು ಬಿಡಲಿಲ್ಲ. ನವೆಂಬರಿನಲ್ಲಿ ಮನೆಯ ಹಳೆಯ ಸೀಮೆಎಣ್ಣೆ ಹೀಟರು ಹೊಗೆ ಕಾರತೊಡಗಿತು. ಹೊಸದು ಕೊಳ್ಳೋಣವೆಂದರೆ ಅತ್ತೆ ಜಗ್ಗಲಿಲ್ಲ. "ಬತ್ತಿಯಣ್ಣನ ಅಂಗಡಿಗೆ ತಗೊಂಡು ಹೋಗೇ. ಇಂಥದ್ದನ್ನ ಮುಟ್ಟೋರು ಊರಲ್ಲಿ ಅವನೊಬ್ನೇ ಉಳಿದಿರೋದು," ಎಂದು ಪಟ್ಟು ಹಿಡಿದರು. ಬತ್ತಿಯಣ್ಣನ ಅಂಗಡಿ ಇರುವುದು ಅದೇ ಸಣ್ಣ ಬೀದಿಯಲ್ಲಿ. ಲಕೋಟೆಯ ಹಿಂದಿದ್ದದ್ದು ಅದೇ ಅಂಗಡಿಯ ವಿಳಾಸ.

ಅಂಗಡಿಯೆಂದರೆ ಒಂದು ಬಾಗಿಲಿನಷ್ಟು ಅಗಲ. ಗೋಡೆ ತುಂಬ ಸ್ಟೌವಿನ ತಲೆ, ಕೊಳವೆ, ತಂತಿ. ಬಾಗಿಲಿಗೆ ತೂಗುಹಾಕಿದ ರಟ್ಟಿನ ಮೇಲೆ "ಇವತ್ತು ಕೊಟ್ಟಿದ್ದು ನಾಡಿದ್ದು" ಎಂದು ಬಲಕ್ಕೆ ವಾಲಿದ ಅಕ್ಷರ. ಗೂಡಕ್ಕ ಅದರಿಂದ ಕಣ್ಣು ತಪ್ಪಿಸಿ ಹೀಟರನ್ನು ಒಳಗೆ ಒಯ್ದರು. ಒಳಗೆ ಮಂಕಿ ಕ್ಯಾಪು ಹಾಕಿದ ಅರವತ್ತೈದರ ಆಸುಪಾಸಿನ ಮನುಷ್ಯ. ಹೀಟರಿನ ಹೊಟ್ಟೆ ಬಿಚ್ಚುತ್ತ, ಬಾಯಿಗೆ ಬಿಡುವಿಲ್ಲದೆ ಗದರುತ್ತಿದ್ದ. "ಬತ್ತಿ ಬದಲಾಯಿಸಿ ಎಷ್ಟು ವರ್ಷ ಆಯ್ತಮ್ಮಾ? ಇದು ಬತ್ತಿಯೋ, ಸುಟ್ಟ ಹಗ್ಗವೋ? ಕೆಲಸ ಎಲ್ಲಿ ನಿಂದು?"

"ಅಂಚೆ ಕಚೇರೀಲಿ, ಅಣ್ಣಾ."

ಅವನ ಕೈ ನಿಂತಿತು. "ಹೌದಾ? ಹಾಗಾದ್ರೆ ಒಂದು ಮಾತು ಹೇಳು. ಹೊತ್ತಿಗೆ ಮುಂಚೆ ಹಾಕಿದ ಕಾರ್ಡು ಒಂದು ತಿಂಗಳು ಎಲ್ಲಿ ಮಲಗಿರುತ್ತೆ?"

ಉತ್ತರಕ್ಕೆ ಕಾಯುವ ಜಾಯಮಾನ ಬತ್ತಿಯಣ್ಣನದಲ್ಲ. ತಾನೇ ಹೇಳಿಕೊಂಡು ಹೋದ. ಅವನಿಗೆ ಒಬ್ಬಳೇ ಅಕ್ಕ, ಹೋದ ವರ್ಷದ ತನಕ ಇದೇ ಊರಿನಲ್ಲಿದ್ದಳು, ಬಸ್ಸಿನಲ್ಲಿ ಹೋದರೆ ಹತ್ತಿರ. ತಾಯಿ ತೀರಿಕೊಂಡಾಗ ಆಸ್ಪತ್ರೆಯ ವರಾಂಡದಲ್ಲಿ ಇವನು ಅಕ್ಕನಿಗೆ, "ಈಗ ಬಂದ್ಯಾ, ಎಲ್ಲಾ ಮುಗಿದ ಮೇಲೆ?" ಎಂದುಬಿಟ್ಟಿದ್ದ. ಅಕ್ಕನಿಗೆ ಸುದ್ದಿ ತಡವಾಗಿ ಮುಟ್ಟಿತ್ತೆನ್ನುವುದು ಅವನಿಗೆ ಆಮೇಲೆ ಗೊತ್ತಾಯಿತು. ಆದರೆ ಬಾಯಿಂದ ಬಿದ್ದ ಮಾತನ್ನು ಹೆಕ್ಕಿಕೊಳ್ಳುವುದು ಹೇಗೆ? ಅವಳೂ ಹಟಮಾರಿ, ಇವನೂ ಹಟಮಾರಿ. ಹೋಗಿ ಬರುವುದು ನಿಂತಿತು. ಅಕ್ಕನಿಗೆ ಕಿವಿ ಕೇಳಿಸದು, ಹಾಗಾಗಿ ಫೋನೂ ಇಲ್ಲ. ಉಳಿದದ್ದು ಕ್ರಿಸ್ಮಸ್‌ಗೆ ಇವನದೊಂದು ಕಾರ್ಡು, ಅವಳದೊಂದು ಕಾರ್ಡು.

"ಒಂದೇ ಊರಲ್ಲಿ ಇದ್ಕೊಂಡು ಸ್ಟಾಂಪು ಹಚ್ತಿದ್ವಿ. ನಗಬೇಡ ನೀನು," ಎಂದ ಬತ್ತಿಯಣ್ಣ.

ಗೂಡಕ್ಕ ನಗುವ ಸ್ಥಿತಿಯಲ್ಲಿರಲಿಲ್ಲ.

ಹಿಂದಿನ ವರ್ಷ ಅಕ್ಕ ಕಾರ್ಡಿಗೆ ಮುಂಚೆಯೇ ನಾಲ್ಕು ಸಾಲು ಬರೆದಿದ್ದಳು. ಕಾಲುವೆ ಬೀದಿ ಬಿಟ್ಟು ಗುಡ್ಡದ ಬೀದಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೇನೆ. ಹೊಸ ವರ್ಷಕ್ಕೆ ಮಗಳು ಬಂದು ತನ್ನೂರಿಗೆ ಕರೆದುಕೊಂಡು ಹೋಗುತ್ತಾಳೆ. ಅಷ್ಟರಲ್ಲಿ ನಿನ್ನ ಕಾರ್ಡು ಈ ಮನೆಗೆ ಬಂದರೆ ಅಲ್ಲಿನ ವಿಳಾಸ ಕಳಿಸುತ್ತೇನೆ. ಬರದಿದ್ದರೆ ನಿನಗೂ ಸಾಕಾಯಿತು ಎಂದು ತಿಳಿದುಕೊಳ್ಳುತ್ತೇನೆ. ಬತ್ತಿಯಣ್ಣ ಕಾಗದ ಮುಟ್ಟಿದ ಮರುದಿನವೇ ಕಾರ್ಡು ಹಾಕಿದ್ದ. ಅದು ಜನವರಿಯ ಕೊನೆಗೆ ಅವನ ಕೈಗೇ ಬಂತು. ಗುಡ್ಡದ ಬೀದಿಗೆ ಓಡಿದ. ಮಗಳು ಕಾರಿನಲ್ಲಿ ಬಂದು ಕರೆದುಕೊಂಡು ಹೋದಳೆಂದಷ್ಟೇ ಮನೆಯ ಮಾಲೀಕನಿಗೆ ಗೊತ್ತಿತ್ತು. ಅಕ್ಕನ ಹಳೆಯ ನೆರೆಹೊರೆಯಲ್ಲೂ ವಿಚಾರಿಸಿದ. ಮಗಳ ಊರು ಯಾವುದೆಂದು ಅವನಿಗೂ ಗೊತ್ತಿಲ್ಲ, ಅಲ್ಲಿ ಯಾರಿಗೂ ತಿಳಿಯದು.

"ನಾನು ಅವಳನ್ನ ಬೇಡ ಅಂದೆ ಅಂತ ತಿಳ್ಕೊಂಡೇ ಹೋಗಿದಾಳೆ," ಎಂದು ಬತ್ತಿಯಣ್ಣ ಹೊಸ ಬತ್ತಿ ಕತ್ತರಿಸಿದ. "ನಾಡಿದ್ದು ಬಾ. ಉರಿಯುತ್ತೆ."

ಹೀಟರು ಉರಿಯಿತು. ಅತ್ತೆ ಅದರ ಪಕ್ಕ ಕಾಲು ಚಾಚಿ ಹಾಯಾಗಿ ಕೂತರು. ಗೂಡಕ್ಕನಿಗೆ ಅದರ ಹತ್ತಿರ ಕೂರಲು ಆಗಲೇ ಇಲ್ಲ. ಕೊನೆಗೆ ಗಂಡನ ಮುಂದೆ ಎಲ್ಲ ಹೇಳಿಕೊಂಡು ಅತ್ತರು. ಗಂಡ ಸಮಾಧಾನ ಮಾಡುವ ಗೋಜಿಗೆ ಹೋಗಲಿಲ್ಲ. "ನನ್ನ ಹತ್ರ ಅತ್ರೆ ಏನು ಬಂತು? ಹೇಳಬೇಕಾದವರ ಹತ್ರ ಹೇಳು. ಬೈತಾರೆ, ಬೈಸ್ಕೋ," ಎಂದರು.

ಮರುದಿನ ಪಾಳಿ ಮುಗಿಸಿ ಅವರು ನೇರ ಅಂಗಡಿಗೆ ಹೋದರು. ಬತ್ತಿಯಣ್ಣ ಮೊದಲು, "ಏನು, ಮತ್ತೆ ಹೊಗೆಯಾ?" ಎಂದ. ಗೂಡಕ್ಕ ನಿಂತಲ್ಲೇ ಎಲ್ಲವನ್ನೂ ಹೇಳಿದರು: ಅಕ್ಷರದ ಗುರುತು, ಓಡಿದ ಕೈ, ಎರಡು ಗೆರೆ, ಜನವರಿ, ಆಮೇಲಿನ ಮೌನ. ಬತ್ತಿಯಣ್ಣ ಸ್ಟೌವಿನ ಬಾಯಿಗೆ ಪಿನ್ನು ಹಾಕಿ ಕೆರೆಯುತ್ತಲೇ ಇದ್ದ. ಕೆರೆದು ಕೆರೆದು ಪಿನ್ನು ಮುರಿಯಿತು.

"ಅವತ್ತೇ ಯಾಕೆ ಹೇಳ್ಲಿಲ್ಲ?" ಎಂದ.

"ಹೆದರಿಕೆ ಆಯ್ತಣ್ಣಾ."

"ಹೋಗು ಇಲ್ಲಿಂದ."

ಗೂಡಕ್ಕ ಬಂದ ದಾರಿಗೆ ಸುಂಕವಿಲ್ಲ ಎಂದು ಮರಳಿದರು. ಆದರೆ ಆ ಸಂಜೆಯಿಂದ ಅವರು ಸುತ್ತುದಾರಿ ಬಿಟ್ಟರು. ಅಂಗಡಿಯ ಮುಂದಿನಿಂದಲೇ ಹೋಗುವುದು, ಅವನು ತಲೆಯೆತ್ತಿದರೆ ನಿಲ್ಲುವುದು, ಎತ್ತದಿದ್ದರೆ ಮುಂದೆ ನಡೆಯುವುದು. ಅವನು ಬಹಳ ದಿನ ತಲೆಯೆತ್ತಲಿಲ್ಲ.

ಡಿಸೆಂಬರು ಹುಟ್ಟಿದ ಮೇಲೆ ಒಂದು ಮಧ್ಯಾಹ್ನ ಮಂಕಿ ಕ್ಯಾಪಿನ ಮನುಷ್ಯ ಅಂಚೆ ಕಚೇರಿಗೆ ಬಂದು, ಕೌಂಟರಿನ ಸಾಲನ್ನೆಲ್ಲ ದಾಟಿ, "ಆ ಅಕ್ಷರ ನೋಡೋಳು ಎಲ್ಲಿ?" ಎಂದು ಜಬರದಸ್ತಾಗಿ ಕೇಳಿದ. ಗೂಡಕ್ಕ ಹೊರಗೆ ಬಂದರು. ಅವನು ಕೋಟಿನೊಳಗಿಂದ ಒಂದು ಲಕೋಟೆ ತೆಗೆದ. ಸ್ಟಾಂಪು ಅಂಟಿಸಿದೆ, ಅಕ್ಕನ ಹೆಸರು ಬರೆದಿದೆ, ಕೆಳಗೆ ಖಾಲಿ.

"ಅಂಗಡೀಲಿ ಕಾರ್ಡು ನೋಡಿ ಸುಮ್ನೆ ಬರಕ್ಕಾಗ್ಲಿಲ್ಲ, ತಗೊಂಡ್ಬಿಟ್ಟೆ. ಎಲ್ಲಿಗೆ ಹಾಕ್ಲಿ? ಇದು ನಿನ್ನ ಹತ್ರಾನೇ ಇರ್ಲಿ."

"ನಂಗೆ ಯಾಕಣ್ಣಾ ಇದು? ನನ್ನ ಮೇಲೆ ಇನ್ನೂ ನಂಬಿಕೆ ಇದೆಯಾ?"

"ನಂಬಿಕೆ ಗಿಂಬಿಕೆ ಗೊತ್ತಿಲ್ಲ. ನೀನು ಕೈ ತಪ್ಪಿ ಹಾಕಿದೆ, ಸರಿ. ನಾನು ಇಷ್ಟು ವರ್ಷ ಬಸ್ಸು ಹತ್ತಲಿಲ್ಲವಲ್ಲ? ನಂಗೇನು ಕಾಲಿರಲಿಲ್ವಾ? ಅವಳು ಗುಡ್ಡದ ಬೀದಿ ಅಂತ ಬರೆದ ದಿನ ಹೋಗಿ ಬಾಗಿಲು ತಟ್ಟಿದ್ರೆ ಆಗ್ತಿತ್ತು. ಮನೇಲಿ ಕೂತು ಎರಡು ಗೆರೆ ಎಳೆದೆ."

ಅಷ್ಟು ಹೇಳಿ ಬತ್ತಿಯಣ್ಣ ಮೂಗು ಒರೆಸಿಕೊಂಡು, ಚಳಿಯನ್ನು ಬೈಯುತ್ತ ಹೊರಟುಹೋದ. ಲಕೋಟೆ ಗೂಡಕ್ಕನ ಊಟದ ಚೀಲದಲ್ಲಿದೆ. ಬುತ್ತಿಯ ಎಣ್ಣೆ ತಾಗದಿರಲೆಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದಾರೆ.

ಅಂದಿನಿಂದ ಅವರು ಹುಡುಕುವ ಅಕ್ಷರ ಒಂದೇ. ಅಕ್ಕನ ಕೈಬರಹವೂ ಅವರಿಗೆ ಗೊತ್ತು. ವರ್ಷ ವರ್ಷವೂ ಬತ್ತಿಯಣ್ಣನಿಗೆ ಬರುತ್ತಿತ್ತಲ್ಲ. ಚಿಕ್ಕ ಚಿಕ್ಕ, ಒಂದಕ್ಕೊಂದು ತಾಗದ ಹಾಗೆ ಬಿಡಿಬಿಡಿಯಾಗಿ ಬರೆಯುವ ಕೈ. ತಮ್ಮನಿಗೆ ಬರೆಯದಿದ್ದರೂ ಹಳೆಯ ಗೆಳತಿಯರಿಗೆ ಬರೆದಾಳು, ಕೊನೆಯ ಪಕ್ಷ ಮೇಲೆ ಬಿದ್ದ ಮುದ್ರೆಯಿಂದ ಊರಾದರೂ ತಿಳಿದೀತು ಅನ್ನುವ ಆಸೆ. ಬೇರೆಯವರ ಕಾಗದವನ್ನು ಹೀಗೆ ನೋಡುವುದು ಸರಿಯೇ ಎಂದು ಕೇಳಿದರೆ ಗೂಡಕ್ಕ ತಲೆ ತಗ್ಗಿಸುತ್ತಾರೆ. "ಸರಿ ಅಲ್ಲ. ಗೊತ್ತು." ಅಂಚೆ ಇಲಾಖೆಯ ಮೇಲಿನವರು ಈ ಸಾಲನ್ನು ಓದದೆ ದಾಟಿದರೆ ಉಪಕಾರವಾದೀತು.

ಇವತ್ತಿನ ಕಟ್ಟು ಮುಗಿಯುತ್ತ ಬಂದಿದೆ. ಒಂದು ಲಕೋಟೆಯ ಮೇಲೆ ಅವರ ಕೈ ತಡೆಯುತ್ತದೆ. ಬಿಡಿಬಿಡಿ ಅಕ್ಷರ. ದೀಪದ ಹತ್ತಿರ ಒಯ್ಯುತ್ತಾರೆ, ಕನ್ನಡಕ ಸರಿಮಾಡಿಕೊಳ್ಳುತ್ತಾರೆ. ಅಲ್ಲ. ಯಾವುದೋ ಶಾಲೆಯ ಮಗು ಟೀಚರಿಗೆ ಬರೆದದ್ದು. ಪೂರ್ತಿ ವಿಳಾಸ ಓದಿ, ಅದರ ಗೂಡಿಗೆ ಮೆಲ್ಲಗೆ ಇಡುತ್ತಾರೆ.

ಈ ಪತ್ರಿಕೆಗೆ ತಮ್ಮ ಕತೆ ಕೊಡಲು ಗೂಡಕ್ಕ ಮೊದಲು ಸುತರಾಂ ಒಪ್ಪಿರಲಿಲ್ಲ. "ನನ್ನಂಥವಳದ್ದು ಏನು ಬರೀತೀರಿ, ಹೋಗ್ರೀ," ಎಂದು ಕೈಯಾಡಿಸಿಬಿಟ್ಟಿದ್ದರು. ಒಪ್ಪಿಸಿದ್ದು ಬತ್ತಿಯಣ್ಣ. ಅಕ್ಕ ಎಲ್ಲಿದ್ದರೂ ಇದರ ಭಾನುವಾರದ ಪುರವಣಿಯನ್ನು ಒಂದಕ್ಷರ ಬಿಡದೆ ಓದುವವಳು; ಕಿವಿ ಹೋದ ಮೇಲಂತೂ ಅದೇ ಅವಳ ಜೊತೆಗಾರ ಎಂದು ಅವನೇ ಹೇಳಿದ.

ಕೈಗವಸು ಕಳಚಿ, ಬಿರಿದ ಗೆಣ್ಣುಗಳನ್ನು ಉಜ್ಜಿಕೊಳ್ಳುತ್ತ ಗೂಡಕ್ಕ ಎದ್ದು ನಿಲ್ಲುತ್ತಾರೆ. ಹೊರಗೆ ಬೆಳಕಾಗಿದೆ, ಅಂಚೆಯಣ್ಣಂದಿರು ಚೀಲ ಹೊತ್ತು ಸೈಕಲ್ಲು ಹತ್ತುತ್ತಿದ್ದಾರೆ.

"ನನ್ನ ಬಗ್ಗೆ ಏನು ಬೇಕಾದ್ರೂ ಬರ್ಕೊಳ್ಳಿ, ಬಿಟ್ಬಿಟ್ರೂ ಬೇಜಾರಿಲ್ಲ," ಎನ್ನುತ್ತಾರೆ. "ಆದ್ರೆ ಆ ಅಮ್ಮನಿಗೆ ನಾನು ಹೇಳೋ ಒಂದು ಮಾತು ಇದೆ, ಅದನ್ನ ಮಾತ್ರ ಹೇಳಿದ ಹಾಗೇ ಹಾಕಿ. ಅಮ್ಮಾ, ನಿಮ್ಮ ತಮ್ಮ ಕಾರ್ಡು ಕಳಿಸಿದ್ರು. ನಿಮ್ಮ ಕಾಗದ ಮುಟ್ಟಿದ ಮಾರನೇ ದಿನಾನೇ ಕಳಿಸಿದ್ರು. ಹೊಸ ವಿಳಾಸಕ್ಕೇ ಕಳಿಸಿದ್ರು. ನಿಮಗೆ ಮುಟ್ಟಿಸದೇ ಇದ್ದೋಳು ನಾನು."